ಮೂರು ಲಕ್ಷದ ಗಿಟಾರು, ಶಹಾಪುರದ ಬಿಸಿಲು

ಸುರಪುರದಲ್ಲೋ ಶಹಾಪುರದಲ್ಲೋ ಕುಳಿತು ಬೆಲೆಬಾಳುವ ಡ್ರೆಡ್‌ನಾಟ್ ಗಿಟಾರು ಆರಿಸಲು ಹೊರಟವರಿಗೆ ಸಿಗುವ ಸಲಹೆಗಳಲ್ಲಿ ಬಹುಪಾಲು ಬೇರೆ ಊರಿನವು, ಬೇರೆ ಹಾಡಿನವು. ಮಾರ್ಟಿನ್ ಮೇಲೋ ಟೇಲರ್ ಮೇಲೋ, ಹಿಂಬದಿಗೆ ಬೀಟೆ ಇರಬೇಕೋ ಮಹಾಗನಿ ಸಾಕೋ, ಅಂಚಿನ ಮುತ್ತಿನಚಿಪ್ಪಿನ ಕೆಲಸಕ್ಕೆ ಇನ್ನಷ್ಟು ಹಣ ಸುರಿಯಬೇಕೋ ಬೇಡವೋ, ಮಾತೆಲ್ಲ ಇದರ ಸುತ್ತಲೇ ನಡೆಯುತ್ತದೆ. ಇವು ಅರ್ಥವಿಲ್ಲದ ಪ್ರಶ್ನೆಗಳೇನಲ್ಲ. ಆದರೆ ಇವಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ಈ ಗಿಟಾರು ಯಾರ ದನಿಗೆ ಜೊತೆ ನಿಲ್ಲಬೇಕು? ಏಪ್ರಿಲ್ ಮಧ್ಯಾಹ್ನದಲ್ಲಿ ಇದು ಎಲ್ಲಿ ಇರಬೇಕು? ಈ ಎರಡಕ್ಕೆ ಉತ್ತರ ಕಂಡುಕೊಂಡವರಿಗೆ ಉಳಿದ ಹೋಲಿಕೆಯ ಮುಕ್ಕಾಲು ಪಾಲು ತಾನಾಗಿಯೇ ಉದುರಿಹೋಗುತ್ತದೆ ಎಂಬುದು ನನ್ನ ವಾದ.

ಅದಕ್ಕೂ ಮುಂಚೆ ಮನೆಯೊಳಗಿನ ಆಕ್ಷೇಪವೊಂದಿದೆ. "ಮೂರು ಲಕ್ಷ ರೊಕ್ಕದಾಗ ಹೊಲಕ್ಕೊಂದು ಬೋರ್ ಹಾಕಸಬಹುದಲ್ಲೋ ತಮ್ಮಾ, ಗಿಟಾರ್ ಯಾಕ ಬೇಕು?" ಎಂದು ಹಿರಿಯರು ಕೇಳಿಯೇ ಕೇಳುತ್ತಾರೆ. ಅವರು ಕೇಳುವುದು ನ್ಯಾಯ. 2009ರ ಕೊನೆಗೆ ಕಲಬುರಗಿಯಿಂದ ಬೇರೆಯಾದ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 51.8 ಇತ್ತು, ಇಡೀ ರಾಜ್ಯದಲ್ಲಿ ಅದೇ ಅತಿ ಕಡಿಮೆ. ಇಲ್ಲಿನ ಕುಟುಂಬಗಳು ಇಂದಿಗೂ ಬೆಂಗಳೂರು, ಹೈದರಾಬಾದು, ಮುಂಬಯಿಗೆ ದುಡಿಯಲು ಗುಳೆ ಹೋಗುತ್ತವೆ. ಇಂಥ ನೆಲದಲ್ಲಿ ಒಂದು ವಾದ್ಯಕ್ಕೆ ಲಕ್ಷಗಟ್ಟಲೆ ಕೊಡುವವರು ತಮ್ಮೊಳಗೆ ಒಂದು ಲೆಕ್ಕ ಒಪ್ಪಿಸಿಕೊಳ್ಳಬೇಕಾಗುತ್ತದೆ. ಆದರೆ ಅದೇ ಮನೆಯಲ್ಲಿ ಮದುವೆಯ ಊಟಕ್ಕೂ ಪೆಂಡಾಲಿಗೂ ಅಷ್ಟೇ ಹಣ ಎರಡು ದಿನದಲ್ಲಿ ಕರಗಿದಾಗ ಯಾರೂ ತಕರಾರು ತೆಗೆಯುವುದಿಲ್ಲ. ಹಿಂದುಳಿದ ಜಿಲ್ಲೆಯವರಿಗೆ ಎರಡನೆಯ ದರ್ಜೆಯ ವಾದ್ಯವೇ ಸಾಕು ಎಂಬ ಮಾತನ್ನಂತೂ ನಾನು ಎಂದೂ ಒಪ್ಪಲಾರೆ. ಸುರಪುರದ ನಾಯಕರ ಆಶ್ರಯದಲ್ಲಿ ಬೆಳೆದ ಚಿತ್ರಕಾರರು ಚಿನ್ನದ ರೇಕು ಅಂಟಿಸಿ ಚಿತ್ರ ಬರೆದರು. ಒಳ್ಳೆಯ ಸಾಮಗ್ರಿಯ ಬೆಲೆ ಈ ಸೀಮೆಗೆ ಗೊತ್ತಿಲ್ಲದ್ದಲ್ಲ.

ಹಾಗೆಂದು ಕಲಿಯಲು ಕುಳಿತವರೆಲ್ಲ ಮಾರ್ಟಿನ್ ಕೊಳ್ಳಬೇಕೆಂದು ಹೇಳುತ್ತಿಲ್ಲ. ಮೊದಲ ಎರಡು ಮೂರು ವರ್ಷಕ್ಕೆ ಕೋಲ್ಕತ್ತದ ಗಿವ್ಸನ್ ಸಾಕು, ಯಮಹಾ ಎಫ್-310 ಧಾರಾಳ ಸಾಕು. ಗಿಟಾರಿನ ಬೆಲೆ ಏರಿದಂತೆ ದನಿಯೂ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಪದರ ಅಂಟಿಸಿದ ಪ್ಲೈವುಡ್ ಮೇಲ್ಹಲಗೆಯಿಂದ ಇಡಿಯ ಮರದ ಮೇಲ್ಹಲಗೆಗೆ ದಾಟಿದಾಗ ಕಿವಿಗೆ ದೊಡ್ಡ ವ್ಯತ್ಯಾಸ ಕೇಳುತ್ತದೆ. ಹಿಂಬದಿ, ಪಕ್ಕೆಗಳೂ ಇಡಿಯ ಮರದವಾದಾಗ ಇನ್ನೊಂದಿಷ್ಟು. ಆಮೇಲೆ ಒಂದು ಲಕ್ಷದಿಂದ ಮೂರು ಲಕ್ಷಕ್ಕೆ ಹೋದಾಗ ಸಿಗುವುದು ಕಡಿಮೆ. ಮೂರರಿಂದ ಆರಕ್ಕೆ ಹೋದಾಗ ಸಿಗುವುದರಲ್ಲಿ ಬಹಳಷ್ಟು ಕಣ್ಣಿಗೆ, ಹೆಸರಿಗೆ. ಆ ಮಧ್ಯದ ಹೆಜ್ಜೆ ಯಾರಿಗೆ ಬೇಕು? ವಾರದಲ್ಲಿ ನಾಲ್ಕಾರು ದಿನ ವಾದ್ಯ ಹಿಡಿಯುವವರಿಗೆ, ಅದರಿಂದ ಹಾಡು ಕಟ್ಟುವವರಿಗೆ, ಚರ್ಚಿನಲ್ಲೋ ವೇದಿಕೆಯಲ್ಲೋ ನಾಲ್ಕು ಜನರ ಮುಂದೆ ನಿಂತು ನುಡಿಸುವವರಿಗೆ. ಅವರಿಗೆ ಅದು ಆಡಂಬರವಲ್ಲ, ಕಸುಬಿನ ಸಾಧನ.

ಡ್ರೆಡ್‌ನಾಟ್ ಎಂಬುದು ಕಂಪನಿಯ ಹೆಸರಲ್ಲ, ಒಡಲಿನ ಆಕಾರ. ಅಮೆರಿಕದ ಮಾರ್ಟಿನ್ ಕಂಪನಿ 1916ರಲ್ಲಿ ಬಾಸ್ಟನ್ನಿನ ಡಿಟ್ಸನ್ ಕಂಪನಿಗಾಗಿ ಇದನ್ನು ಮೊದಲು ತಯಾರಿಸಿತು. 1931ರಲ್ಲಿ ತನ್ನದೇ ಹೆಸರಿನಲ್ಲಿ ಮಾರತೊಡಗಿತು. ಡಿ-18, ಡಿ-28 ಎಂಬ ಹೆಸರುಗಳು ಅಂದಿನಿಂದ ಬಂದವು. ನಡು ಹೆಚ್ಚು ಸಣ್ಣಗಾಗದ ಅಗಲವಾದ ಒಡಲು, ಸುಮಾರು 40 ಸೆಂಟಿಮೀಟರ್ ಅಡ್ಡ, 12 ಸೆಂಟಿಮೀಟರಿಗಿಂತ ಹೆಚ್ಚು ಆಳ. ಹಾಡುವವರ ಬೆನ್ನಿಗೆ ತುಂಬಿದ ಮಂದ್ರವೂ ದೊಡ್ಡ ದನಿಯೂ ಬೇಕೆಂದು ಹುಟ್ಟಿದ ಆಕಾರ ಇದು. ಆ ಮೇಲೆ ಗಿಬ್ಸನ್ 1960ರಲ್ಲಿ ಹಮ್ಮಿಂಗ್‌ಬರ್ಡ್ ತಂದಿತು. 1974ರಲ್ಲಿ ಆರಂಭವಾದ ಟೇಲರ್, 1976ರ ಸಾಂತಾ ಕ್ರೂಜ್, ಟೆಕ್ಸಾಸಿನ ಕಾಲಿಂಗ್ಸ್ ಎಲ್ಲವೂ ಇದೇ ಆಕಾರವನ್ನು ತಮ್ಮ ತಮ್ಮ ಕಿವಿಗೆ ತಕ್ಕಂತೆ ತಿದ್ದಿದವು.

ಇವುಗಳ ನಡುವೆ ಆರಿಸುವಾಗ ಮಾತು ಮೊದಲು ಹೋಗುವುದು ಹಿಂಬದಿಯ ಮರದ ಕಡೆಗೆ. ಇದರಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ. 1969ರ ತನಕ ಡಿ-28ರ ಹಿಂಬದಿಗೆ, ಪಕ್ಕೆಗೆ ಬ್ರೆಜಿಲ್ಲಿನ ರೋಸ್‌ವುಡ್ ಬಳಸುತ್ತಿದ್ದರು. ಅದು ಸಿಗುವುದು ಕಷ್ಟವಾದಾಗ ಆ ಜಾಗಕ್ಕೆ ಬಂದದ್ದು ಭಾರತದ ರೋಸ್‌ವುಡ್, ಎಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ. ಕೊಡಗು, ಮಲೆನಾಡು, ವಯನಾಡಿನ ಕಡೆ ಬೆಳೆಯುವ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಾದ ಅದೇ ಮರ. ಬ್ರೆಜಿಲ್ಲಿನ ಮರದ ವ್ಯಾಪಾರಕ್ಕೆ 1992ರಲ್ಲಿ ಅಂತರರಾಷ್ಟ್ರೀಯ ನಿಷೇಧ ಬಿತ್ತು. 2017ರ ಆರಂಭದಲ್ಲಿ ಬೀಟೆಯ ಇಡೀ ಕುಲವೇ ಪರವಾನಗಿಯ ಕಟ್ಟಳೆಗೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ಕಿತು. ಹಳೆಯ ಬ್ರೆಜಿಲ್ ಮರದ ಗಿಟಾರುಗಳ ಬೆಲೆ ಆಕಾಶಕ್ಕೇರಿದ್ದು ಹೀಗೆ. ಆ ಮರದ ನಾದವೇ ಬೇರೆ, ಬೀಟೆ ಅದರ ಮುಂದೆ ಎರಡನೆಯದು ಎಂದು ಹೇಳುವವರು ಇಂದಿಗೂ ಇದ್ದಾರೆ.

ಈ ನಂಬಿಕೆಯನ್ನು ಒರೆಗೆ ಹಚ್ಚಿದ ಪ್ರಯೋಗವೊಂದು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರಿಂದ ನಡೆದು 2018ರಲ್ಲಿ ಪ್ರಕಟವಾಯಿತು. ಗಿಟಾರು ತಯಾರಕ ರೋಜರ್ ಬಕ್‌ನಲ್ ಒಂದೇ ಅಳತೆಯ ಆರು ಗಿಟಾರು ಮಾಡಿದರು. ಹಿಂಬದಿ ಮತ್ತು ಪಕ್ಕೆಯ ಮರ ಮಾತ್ರ ಆರಕ್ಕೂ ಬೇರೆ ಬೇರೆ. ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ ಎಲ್ಲ ಅದರಲ್ಲಿದ್ದವು. ನುರಿತ 52 ವಾದಕರು ಮಬ್ಬು ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು, ಕೈಯಲ್ಲಿರುವ ಮರ ಯಾವುದೆಂದು ಕಾಣದ ಹಾಗೆ ನುಡಿಸಿ ಅಂಕ ಕೊಟ್ಟರು. ಆರಕ್ಕೂ ಬಂದ ಅಂಕ ಹೆಚ್ಚುಕಡಿಮೆ ಒಂದೇ. ಕಣ್ಣು ಕಟ್ಟಿದಾಗ ದುಬಾರಿ ಮರದ ಹೆಚ್ಚುಗಾರಿಕೆ ಕೇಳಿಸಲಿಲ್ಲ. ಮರದಿಂದ ಏನೂ ಆಗುವುದಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಮೇಲ್ಹಲಗೆ, ಅದರ ದಪ್ಪ, ಅದರ ಒಳಗೆ ಅಂಟಿಸಿದ ಪಟ್ಟಿಗಳ ಜೋಡಣೆ ನಾದದ ಬಹುಪಾಲನ್ನು ತೀರ್ಮಾನಿಸುತ್ತವೆ. ಅಲ್ಲಿ ಮಾಡುವವರ ಕೈ ಕೆಲಸ ಮಾಡುತ್ತದೆ. ಹಿಂಬದಿಯ ಮರದ ಹೆಸರಿಗೆ ಲಕ್ಷ ಕೊಡುವ ಮುನ್ನ ಈ 52 ಜನರನ್ನು ನೆನೆಯಬೇಕು. ಒಂದೇ ಮಾದರಿಯ ಎರಡು ಗಿಟಾರು ಅಂಗಡಿಯಲ್ಲಿದ್ದರೆ ಎರಡನ್ನೂ ಕೈಗೆತ್ತಿಕೊಳ್ಳಬೇಕು. ಡಿ-18 ಮತ್ತು ಡಿ-28ರ ನಡುವೆ ಕೇಳುವ ಅಂತರದಷ್ಟೇ ಅಂತರ ಕೆಲವೊಮ್ಮೆ ಎರಡು ಡಿ-28ಗಳ ನಡುವೆಯೂ ಇರುತ್ತದೆ.

ಇನ್ನು ದನಿಯ ವಿಷಯ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡದು.

ಗಿಟಾರಿನ ಬಿಟ್ಟ ತಂತಿಗಳಿಗೆ ಒಗ್ಗುವ ಶ್ರುತಿಗಳು ಹಾರ್ಮೋನಿಯಂನ ಬಿಳಿ ಮನೆಗಳವು. ಅಂಗಡಿಯಲ್ಲಿ ಯಾರೇ ಗಿಟಾರು ಹಿಡಿದರೂ ಮೊದಲು ಹಿಡಿಯುವುದು ಜಿ, ಸಿ, ಡಿ, ಇಲ್ಲವೇ ಇ. ಎಲ್ಲ ಹೋಲಿಕೆಯ ವಿಡಿಯೋಗಳೂ ಅಲ್ಲೇ ನಡೆಯುತ್ತವೆ. ಆದರೆ ನಮ್ಮ ಭಜನೆಯವರು, ತತ್ವಪದದವರು ಹಾಡುವ ಶ್ರುತಿ ಯಾವುದು? ಪೇಟಿ ಹಿಡಿದವರನ್ನು ಕೇಳಿ, "ಕರಿ ಒಂದು" ಎನ್ನುತ್ತಾರೆ, ಇಲ್ಲವೇ "ಕರಿ ಎರಡು". ಹೆಣ್ಣುಮಕ್ಕಳಾದರೆ ಕರಿ ನಾಲ್ಕು, ಕರಿ ಐದು. ಈ ನಾಲ್ಕೂ ಶ್ರುತಿಗಳು ಗಿಟಾರಿನ ಸಲೀಸಾದ ಹಿಡಿತಗಳಿಗಿಂತ ಸರಿಯಾಗಿ ಒಂದು ಮನೆ ಮೇಲಿವೆ. ಮೊದಲ ಫ್ರೆಟ್ಟಿಗೆ ಕೇಪೋ ಬಿಗಿದರೆ ಸಿ ಹಿಡಿತ ಕರಿ ಒಂದಾಗುತ್ತದೆ, ಡಿ ಹಿಡಿತ ಕರಿ ಎರಡು, ಜಿ ಕರಿ ನಾಲ್ಕು, ಎ ಕರಿ ಐದು. ಕರಿ ಮೂರು ಒಂದು ಮಾತ್ರ ಇದಕ್ಕೆ ಹೊರತು. ಅದಕ್ಕೆ ಎರಡನೆಯ ಫ್ರೆಟ್ಟಿಗೆ ಕೇಪೋ ಸರಿಸಿ ಇ ಹಿಡಿಯಬೇಕು. ಎಂದರೆ ನಮ್ಮಲ್ಲಿ ಜೊತೆ ನುಡಿಸುವ ಗಿಟಾರಿನ ಮೇಲೆ ಕೇಪೋ ಬಹುತೇಕ ಯಾವಾಗಲೂ ಕುಳಿತೇ ಇರುತ್ತದೆ. ಹಾಗಾದರೆ ಅಂಗಡಿಯಲ್ಲಿ ಪರೀಕ್ಷೆ ಮಾಡಬೇಕಾದದ್ದೂ ಕೇಪೋ ಹಾಕಿಯೇ. ಬಿಟ್ಟ ತಂತಿಯಲ್ಲಿ ಗುಡುಗುವ ಗಿಟಾರು ಕೇಪೋ ಕೆಳಗೆ ಸಪ್ಪೆಯಾಗಬಹುದು, ಶ್ರುತಿ ತುಸು ಏರಬಹುದು, ಹಿಡಿತ ಬಿಗಿಯಾಗಬಹುದು. ಬಿಟ್ಟ ತಂತಿಯಲ್ಲಿ ಸಾಧಾರಣವೆನಿಸಿದ್ದು ಅಲ್ಲಿ ಅರಳಲೂಬಹುದು.

ಇನ್ನೊಂದು ದಾರಿಯೂ ಇದೆ: ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ, ಇ ಹಿಡಿತವನ್ನೇ ಕರಿ ಎರಡಾಗಿ ನುಡಿಸುವುದು. ತೆಳು ತಂತಿಯ ಸೆಟ್ ಹಾಕಿದ ಡ್ರೆಡ್‌ನಾಟ್ ಮೇಲೆ ಮಾಮೂಲಿ ಶ್ರುತಿಯಲ್ಲಿ ಒಟ್ಟು 70 ಕಿಲೋಗೂ ಮೀರಿದ ಎಳೆತ ಇರುತ್ತದೆ. ಇಳಿಸಿದರೆ ಅದು ಸ್ವಲ್ಪ ಕಡಿಮೆಯಾಗಿ ಬೆರಳಿಗೂ ಹಲಗೆಗೂ ಹಗುರ. ಆದರೆ ಒಳಪಟ್ಟಿಗಳು ದಪ್ಪಗಿರುವ ಗಿಟಾರು ಇಳಿದ ಎಳೆತಕ್ಕೆ ಮಾತಾಡುವುದಿಲ್ಲ, ಮಂಕಾಗುತ್ತದೆ. ಪಟ್ಟಿಗಳನ್ನು ನಡುವೆ ಕೆತ್ತಿ ಹಗುರಗೊಳಿಸಿದ ಮಾದರಿಗಳು ಇಳಿದ ಶ್ರುತಿಯಲ್ಲೂ ಜೀವಂತವಾಗಿರುತ್ತವೆ. ಮಾರ್ಟಿನ್ 1944ರಲ್ಲಿ ಬಿಟ್ಟು 1976ರಲ್ಲಿ ಎಚ್‌ಡಿ-28ರ ಮೂಲಕ ಮರಳಿ ತಂದ ಕ್ರಮ ಅದು. ಇಳಿಸಿ ನುಡಿಸುವ ಅಭ್ಯಾಸ ಇದ್ದವರಿಗೆ ಈ ಒಂದು ಅಂಶ ಮರದ ಹೆಸರಿಗಿಂತ ಹತ್ತು ಪಾಲು ಮುಖ್ಯ.

ಏಕತಾರಿಯ ಎದುರು ಬೆಳೆದ ಕಿವಿಗೆ ಇನ್ನೂ ಒಂದು ಪರೀಕ್ಷೆ ಬೇಕು. ಗಿಟಾರಿನ ಫ್ರೆಟ್ಟುಗಳು ಸ್ವರಗಳನ್ನು ಸಮನಾಗಿ ಹಂಚಿ ಕೂಡಿಸಿದವು. ಅದರ ಗಾಂಧಾರ ನಮ್ಮ ಶುದ್ಧ ಗಾಂಧಾರಕ್ಕಿಂತ 14 ಸೆಂಟ್ ಏರು, ಎಂದರೆ ಅರ್ಧ ಸ್ವರದ ಏಳನೆಯ ಒಂದು ಪಾಲು. ಹಾರ್ಮೋನಿಯಂಗೂ ಇದೇ ದೋಷವಿದೆ, ಹಾಗಾಗಿ ಪೇಟಿಯ ಜೊತೆ ಗಿಟಾರು ಜಗಳ ಆಡುವುದಿಲ್ಲ. ಒಂಟಿ ದನಿಯ ಜೊತೆ ಉದ್ದಕ್ಕೆ ಹಿಡಿದ ಮೇಜರ್ ಕಾರ್ಡ್ ಮಾತ್ರ ಚುಚ್ಚುತ್ತದೆ. ಇದನ್ನು ತಿಳಿದವರು ಡಿ-ಎ-ಡಿ-ಜಿ-ಎ-ಡಿ ಶ್ರುತಿಗೆ ತಿರುಗಿಸಿ ಸಾ, ಪಾ, ಸಾ, ಮಾ, ಪಾ, ಸಾ ಎಂದು ಮೀಟಿ ಗಾಂಧಾರವನ್ನು ಹಾಡುವವರಿಗೇ ಬಿಡುತ್ತಾರೆ. ಕೊಳ್ಳುವ ಗಿಟಾರನ್ನು ಅಂಗಡಿಯಲ್ಲಿ ಹೀಗೆ ತಿರುಗಿಸಿ, ಒಮ್ಮೆ ಮೀಟಿ, ಕೈ ತೆಗೆದು, ಅದರ ಮೇಲೆ ಒಂದು ಪದ ಹಾಡಿ ನೋಡಬೇಕು. ರಘು ದೀಕ್ಷಿತ್ ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಜಗತ್ತಿನ ವೇದಿಕೆಗಳಿಗೆ ಒಯ್ದ ಮೇಲೆ, ತತ್ವಪದಕ್ಕೂ ಈ ವಾದ್ಯಕ್ಕೂ ಹೊಂದುವುದಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಹೊಂದಿಸಿಕೊಳ್ಳುವ ಬಗೆಯನ್ನು ಮಾತ್ರ ಪ್ರತಿಯೊಬ್ಬರೂ ತಮ್ಮ ಗಂಟಲಿನಿಂದಲೇ ಕಲಿಯಬೇಕು.

ಈ ಕ್ರಮ ನಮಗೆ ಹೊಸದೂ ಅಲ್ಲ. ತಂಬೂರಿ ಬೇಕಾದ ಗಾಯಕರು ಈ ಕಡೆಯಿಂದ ಮೊದಲಿನಿಂದಲೂ ಮಿರಜಿಗೆ ಹೋಗುತ್ತಾರೆ. ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನ ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ವಾದ್ಯ ಮಾಡಲು ತೊಡಗಿತು. ಮಿರಜಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿ ಯಾರೂ ತಂಬೂರಿಯನ್ನು ಪಟ್ಟಿ ನೋಡಿ ಕೊಳ್ಳುವುದಿಲ್ಲ. ತಮ್ಮ ಶ್ರುತಿಗೆ ತಂತಿ ಏರಿಸಲು ಹೇಳುತ್ತಾರೆ, ಕಣ್ಣು ಮುಚ್ಚಿ ಕೂರುತ್ತಾರೆ, ತಮ್ಮ ಷಡ್ಜ ಹಚ್ಚಿ ನೋಡುತ್ತಾರೆ. ಕುದುರೆಯ ಮೇಲಿನ ಜವಾರಿಯನ್ನು ಆಮೇಲೂ ತಿದ್ದಬಹುದು, ಆದ್ದರಿಂದ ಅದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಬುರುಡೆ ಮತ್ತು ದಂಡಿಯನ್ನು ಬದಲಿಸಲಾಗದು, ಅವನ್ನು ತಟ್ಟಿ ನೋಡುತ್ತಾರೆ. ಗಿಟಾರಿಗೂ ಇದೇ ವಿವೇಕ ಸಾಕು. ತಂತಿ ಹಳೆಯದು, ತಂತಿಯ ಎತ್ತರ ಜಾಸ್ತಿ, ಸ್ಯಾಡಲ್ ಪ್ಲಾಸ್ಟಿಕ್ಕಿನದು ಎಂದು ಒಳ್ಳೆಯ ಗಿಟಾರನ್ನು ತಳ್ಳಬಾರದು. ಅವೆಲ್ಲ ಸ್ವಲ್ಪ ಖರ್ಚಿನಲ್ಲಿ ಸರಿಹೋಗುವಂಥವು. ಒಡಲು, ಒಳಪಟ್ಟಿ, ನೆಕ್ಕಿನ ದಪ್ಪ, ನಟ್ಟಿನ ಅಗಲ ಇವನ್ನು ಆಮೇಲೆ ಬದಲಿಸಲಾಗುವುದಿಲ್ಲ. ಹೋಲಿಸುವಾಗ ಕೈಯೂ ಕಿವಿಯೂ ಇವುಗಳ ಮೇಲಿರಲಿ.

ಎರಡನೆಯ ಪ್ರಶ್ನೆ ಹವೆಯದು. ದುಬಾರಿ ಗಿಟಾರಿನ ಇಡಿಯ ಮರ ನೀರಾವಿಯನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55 ಎಂದು ಮಾರ್ಟಿನ್, ಟೇಲರ್ ಎರಡೂ ಹೇಳುತ್ತವೆ. ಅವುಗಳ ಕಾರ್ಖಾನೆಗಳಲ್ಲೂ ಗಾಳಿಯ ತೇವವನ್ನು ಹತೋಟಿಯಲ್ಲಿಟ್ಟೇ ಮರ ಜೋಡಿಸುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿ, ತೇವಾಂಶ ಶೇ 30ಕ್ಕಿಂತ ಕೆಳಗಿಳಿಯುತ್ತದೆ. ಆಗ ಮೂರು ಮಿಲಿಮೀಟರ್‌ನಷ್ಟೂ ದಪ್ಪವಿಲ್ಲದ ಮೇಲ್ಹಲಗೆ ಅಡ್ಡಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಕುಗ್ಗಲು ನೋಡುತ್ತದೆ. ಅದರ ಬೆನ್ನಿಗೆ ಅಡ್ಡಲಾಗಿ ಅಂಟಿಸಿದ ಪಟ್ಟಿಗಳು ಉದ್ದಕ್ಕೆ ಕುಗ್ಗುವುದಿಲ್ಲ. ಈ ಹಗ್ಗಜಗ್ಗಾಟದಲ್ಲಿ ಮೊದಲು ಹಲಗೆ ಒಳಕ್ಕೆ ಕುಸಿದು ತಂತಿಗಳು ಫ್ರೆಟ್ಟಿಗೆ ತಾಗಿ ಝೇಂಕರಿಸುತ್ತವೆ, ಫ್ರೆಟ್ಟಿನ ತುದಿಗಳು ಬೆರಳಿಗೆ ಚುಚ್ಚತೊಡಗುತ್ತವೆ. ಕೊನೆಗೆ ಎಳೆಯುದ್ದಕ್ಕೂ ಬಿರುಕು. ಜುಲೈ ಬಂದರೆ ಕತೆ ತಿರುಗಾಮುರುಗಾ: ಹಲಗೆ ಉಬ್ಬುತ್ತದೆ, ತಂತಿ ಎತ್ತರವಾಗುತ್ತದೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು ಎಂದು ಎರಡು ಸ್ಯಾಡಲ್ ಇಟ್ಟುಕೊಳ್ಳುವ ವಾದಕರು ಇದ್ದಾರೆ. ನಮ್ಮ ಹವೆಗೆ ಅದು ಜಾಣತನ.

ಇದಕ್ಕೆ ಕೂಲರನ್ನೂ ಸೇರಿಸಿ. ಯಾದಗಿರಿಯಲ್ಲಿ ಬೇಸಿಗೆಯೆಂದರೆ ಕೂಲರು. ಅದು ಓಡುವಾಗ ಕೋಣೆ ಹಸಿ, ಕರೆಂಟು ಹೋದ ಮೇಲೆ ಅದೇ ಕೋಣೆ ಒಣ. ದಿನಕ್ಕೆ ನಾಲ್ಕು ಸಲ ಆಗುವ ಈ ಏರಿಳಿತ ಒಂದೇ ಸಮನೆಯ ಒಣ ಹವೆಗಿಂತ ಹೆಚ್ಚು ಕೆಡುಕು. ತಗಡಿನ ಮಾಡಿನ ಕೆಳಗೆ, ಬಿಸಿಲು ಕಾದ ಕಲ್ಲಿನ ಗೋಡೆಗೆ ಗಿಟಾರು ತೂಗುಹಾಕುವುದಂತೂ ಸಲ್ಲದು. ಗಟ್ಟಿ ಪೆಟ್ಟಿಗೆ, ಅದರೊಳಗೆ ತೇವ ಅಳೆಯುವ ಸಣ್ಣ ಮೀಟರು, ಬೇಸಿಗೆಯಲ್ಲಿ ಒದ್ದೆ ಸ್ಪಂಜಿನ ತೇವದಾನಿ: ಇವುಗಳ ಖರ್ಚು ಗಿಟಾರಿನ ಬೆಲೆಯ ಮುಂದೆ ಏನೂ ಅಲ್ಲ. ಒಣಗಿ ಬಿರಿದದ್ದಕ್ಕೆ ಕಂಪನಿಯ ವಾರಂಟಿ ಅನ್ವಯಿಸುವುದಿಲ್ಲ ಎಂಬುದನ್ನು ಕೊಳ್ಳುವ ದಿನವೇ ತಿಳಿದಿರಬೇಕು. ಅಮೆರಿಕದಲ್ಲಿರುವ ನೆಂಟರ ಕೈಲಿ ತರಿಸಿದರೆ ಅಗ್ಗವಾಗುತ್ತದೆಂದು ಲೆಕ್ಕ ಹಾಕುವವರು ಇಲ್ಲಿಯ ಸುಂಕವನ್ನೂ, ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂಬುದನ್ನೂ ಕೂಡಿಸಿಕೊಳ್ಳಲಿ. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಾಗೆ ತರಿಸಿದ ಗಿಟಾರನ್ನು ನುಡಿಸಿ ನೋಡದೆ ಕೊಂಡಿರುತ್ತಾರೆ.

ಹವೆಯಿಂದ ಹುಟ್ಟುವ ಇನ್ನೊಂದು ಹೋಲಿಕೆ ಯಾರ ಬಾಯಲ್ಲೂ ಬರುವುದಿಲ್ಲ: ನೆಕ್ಕನ್ನು ಒಡಲಿಗೆ ಕೂಡಿಸಿದ ಬಗೆ. ವರ್ಷಾನುಗಟ್ಟಲೆ ತಂತಿಯ ಎಳೆತಕ್ಕೆ, ಹವೆಯ ಏರಿಳಿತಕ್ಕೆ ನೆಕ್ಕಿನ ಕೋನ ಬದಲಾಗುವುದು ಸಹಜ. ಎಷ್ಟೇ ಬೆಲೆಯ ಗಿಟಾರಾದರೂ ಒಂದು ದಿನ ಅದನ್ನು ಮತ್ತೆ ಕೂರಿಸಬೇಕಾಗುತ್ತದೆ. ಮಾರ್ಟಿನ್ನಿನ ಡಿ-18, ಡಿ-28ರಲ್ಲಿ ನೆಕ್ಕು ಮರದ ಕೀಲಿನಿಂದ ಅಂಟಿಸಿದ್ದು. ಬಿಡಿಸಲು ಆವಿ ಹಾಯಿಸಿ, ಕೀಲು ಸಡಿಲಿಸಿ, ಮತ್ತೆ ಕೆತ್ತಿ ಕೂರಿಸುವ ನುರಿತ ಕೈ ಬೇಕು. ಟೇಲರಿನದು ಬೋಲ್ಟು ಬಿಗಿದ ನೆಕ್ಕು. 1999ರಿಂದೀಚಿನ ಮಾದರಿಗಳಲ್ಲಿ ಬೋಲ್ಟು ಬಿಚ್ಚಿ ತೆಳುವಾದ ಬಿಲ್ಲೆ ಬದಲಿಸಿದರೆ ಕೋನ ಸರಿಯಾಗುತ್ತದೆ. ಕಾಲಿಂಗ್ಸ್‌ನದೂ ಬೋಲ್ಟೇ. ನಾದದ ಮೇಲೆ ಇದರ ಪರಿಣಾಮ ಎಷ್ಟೆಂದು ವಾದಿಸುತ್ತ ಕೂರುವವರು ಕೂರಲಿ. ಹತ್ತಿರದ ಕುಶಲಿ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಇರುವಾಗ, ಗಿಟಾರನ್ನು ರೈಲಿನಲ್ಲಿ ಹೊತ್ತೊಯ್ದು ವಾರಗಟ್ಟಲೆ ಬಿಟ್ಟು ಬರಬೇಕಾದ ಯಾದಗಿರಿಯವರಿಗೆ ಈ ಕೀಲು ಮತ್ತು ಬೋಲ್ಟಿನ ನಡುವಿನ ವ್ಯತ್ಯಾಸ ಸಣ್ಣದಲ್ಲ. ಹವೆಗೆ ಜಗ್ಗದ ಕಾರ್ಬನ್ ಫೈಬರಿನ ಗಿಟಾರುಗಳೂ ಬಂದಿವೆ. ಜಾತ್ರೆಯಿಂದ ಜಾತ್ರೆಗೆ, ಟೆಂಪೋದಲ್ಲಿ, ಬಯಲಿನಲ್ಲಿ ನುಡಿಸುವವರಿಗೆ ಅವು ಸರಿಯೇ. ನನ್ನ ಕಿವಿ ಮಾತ್ರ ಇನ್ನೂ ಮರದ ಕಡೆಗಿದೆ.

ಹಾಗಾದರೆ ಯಾವುದು? ಕೇಳಿದರೆ ನಾನು ಹೇಳುವುದು ಹೀಗೆ. ಪೇಟಿ, ತಬಲಾ, ತಾಳದ ನಡುವೆ ಕುಳಿತು ನುಡಿಸುವವರಿಗೆ ಡಿ-18ರ ಜಾತಿಯ ಒಣ, ಚುಟುಕಾದ ನಾದ ಒಳ್ಳೆಯದು. ಮಂದ್ರ ಹೆಚ್ಚು ತುಂಬಿದ ಗಿಟಾರು ಅಲ್ಲಿ ತಬಲಾದ ಡಗ್ಗಾವನ್ನು ತುಳಿಯುತ್ತದೆ, ಪೇಟಿಯ ಜೊತೆ ಕಲಸಿಹೋಗುತ್ತದೆ. ತಾವೊಬ್ಬರೇ ಹಾಡಿಕೊಂಡು ನುಡಿಸುವವರಿಗೆ ಎಚ್‌ಡಿ-28ರಂಥ ತುಂಬಿದ, ಉದ್ದಕ್ಕೆ ನಿಲ್ಲುವ ನಾದ. ಊರೂರು ಅಲೆದು, ರಿಪೇರಿಗೆ ಪುರುಸೊತ್ತಿಲ್ಲದವರಿಗೆ ಬೋಲ್ಟಿನ ನೆಕ್ಕಿನದು, ಯಾವ ಕಂಪನಿಯದಾದರೂ ಸರಿ. ಮುತ್ತಿನಚಿಪ್ಪಿಗೆ ಕೊಡುವ ಹಣ ಪೆಟ್ಟಿಗೆಗೂ ರೈಲಿನ ಟಿಕೇಟಿಗೂ ಹೋಗಲಿ. ಅಂಗಡಿಗೆ ಹೋಗುವಾಗ ಕೇಪೋ ಒಯ್ಯಿರಿ, ಸಾಧ್ಯವಾದರೆ ನೀವು ಜೊತೆ ಕೊಡುವ ಹಾಡುಗಾರರನ್ನೂ ಕರೆದೊಯ್ಯಿರಿ. ಅವರು ತಮ್ಮ ಕರಿ ಎರಡರಲ್ಲಿ ಒಂದು ಪದ ಹೇಳಲಿ, ನೀವು ಬೆನ್ನು ತಿರುಗಿಸಿ ಕುಳಿತು ಕೇಳಿ, ಆಮೇಲೆ ನೀವೇ ನುಡಿಸಿ. ಸಾಧ್ಯವಾದರೆ ಆಗಸ್ಟ್–ಸೆಪ್ಟೆಂಬರಿನಲ್ಲಿ ಕೊಳ್ಳಿ. ಆಗ ಚಳಿಗಾಲವಿಡೀ ಗಿಟಾರು ನಿಮ್ಮ ಮನೆಯ ಹವೆಗೆ ನಿಧಾನವಾಗಿ ಒಗ್ಗುತ್ತದೆ, ತೇವದ ಮೀಟರು ನೋಡುವ ರೂಢಿ ನಿಮಗೂ ಆಗುತ್ತದೆ, ಮೊದಲ ಏಪ್ರಿಲ್ ಬರುವ ಹೊತ್ತಿಗೆ ಬೇಸಿಗೆಯ ಸ್ಯಾಡಲ್ ಮಾಡಿಸಿಕೊಳ್ಳಲು ಸಮಯವೂ ಉಳಿದಿರುತ್ತದೆ.